ಕಾಳಿನೊಳಗಿನ ಹಸಿವು

ಹೊಸ ಹೆಸರುಕಾಳನ್ನು ಅಂಗೈಯಲ್ಲಿ ಹರವಿಕೊಂಡು ಬಿಸಿಲಿಗೆ ಹಿಡಿದು ನೋಡಿ. ಅಲ್ಲೊಂದು ಇಲ್ಲೊಂದು ಕಾಳಿನ ಹಸಿರು ಸಿಪ್ಪೆಯ ಮೇಲೆ ಮಿರುಗುವ ಒಂದು ಚುಕ್ಕೆ ಅಂಟಿಕೊಂಡಿರುತ್ತದೆ. ಉಗುರಿನಿಂದ ಕೆರೆದರೂ ಸುಲಭಕ್ಕೆ ಬಿಡುವುದಿಲ್ಲ. ವಾರ ಬಿಟ್ಟು ಮತ್ತೆ ನೋಡಿದರೆ ಅದೇ ಚುಕ್ಕೆ ಬೆಳ್ಳಗಾಗಿರುತ್ತದೆ. ಅಷ್ಟರಲ್ಲಿ ಒಳಗಿದ್ದ ಮರಿ ಮೊಟ್ಟೆಯ ತಳವನ್ನೇ ಕೊರೆದು, ಅಲ್ಲಿಂದ ನೇರವಾಗಿ ಕಾಳಿನೊಳಗೆ ಇಳಿದಿದೆ. ಕೊರೆದ ಪುಡಿಯನ್ನು ಹಿಂದಕ್ಕೆ ತಳ್ಳಿ ಖಾಲಿಯಾದ ಚಿಪ್ಪಿಗೆ ತುಂಬಿದೆ. ಆ ಬಿಳುಪು ಆ ಪುಡಿಯದು. ಮುಂದೆ ಎರಡು ಮೂರು ವಾರ ಹೊರಗಿನಿಂದ ಏನೂ ತಿಳಿಯದು. ಆಮೇಲೆ ಕಾಳಿನ ಪಕ್ಕದಲ್ಲಿ ದುಂಡಗೆ ಒಂದು ಕಪ್ಪು ಕಿಟಕಿ ಮೂಡುತ್ತದೆ. ಹುಳ ಒಳಗಿನದನ್ನು ತಿನ್ನುತ್ತ ತಿನ್ನುತ್ತ ಸಿಪ್ಪೆಯವರೆಗೆ ಬಂದು, ಕಾಗದದಷ್ಟು ತೆಳುವಾದ ಒಂದು ಮುಚ್ಚಳ ಮಾತ್ರ ಉಳಿಸಿದೆ. ದುಂಬಿಯಾದ ಮೇಲೆ ಆ ಮುಚ್ಚಳವನ್ನು ತಲೆಯಿಂದ ನೂಕಿ ಹೊರಗೆ ಬರುತ್ತದೆ.

ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಇದನ್ನು ಕಂಡ ಕೂಡಲೇ ‘ಹೆಸರಿಗೆ ನುಸಿ ಹತ್ತೇತಿ’ ಎನ್ನುತ್ತಾರೆ. ಶಾಸ್ತ್ರದಲ್ಲಿ ಇದರ ಕುಲಕ್ಕೆ ಕ್ಯಾಲೊಸೊಬ್ರೂಕಸ್ ಎಂದು ಹೆಸರು. ಜೋಳಕ್ಕೆ ಹತ್ತುವ ನುಸಿ ಬೇರೆ, ಹಿಟ್ಟಿಗೆ ಹತ್ತುವುದು ಬೇರೆ, ರವೆಯಲ್ಲಿ ಬಲೆ ನೇಯುವುದು ಇನ್ನೂ ಬೇರೆ. ಹೆಸರಿನ ನುಸಿ ಎಷ್ಟೋ ಸಲ ಮನೆಯಲ್ಲಿ ಹುಟ್ಟಿದ್ದಲ್ಲ. ನವಲಗುಂದ, ಅಣ್ಣಿಗೇರಿ ಸೀಮೆಯ ಎರೆಹೊಲದಲ್ಲಿ ಕಾಯಿ ಒಣಗುವ ಹೊತ್ತಿಗೇ ದುಂಬಿ ಬಂದು ಮೊಟ್ಟೆ ಇಟ್ಟಿರುತ್ತದೆ. ಭಾದ್ರಪದದಲ್ಲಿ ಅಮರಗೋಳದ ಎಪಿಎಂಸಿಗೆ ಹೊಸ ಹೆಸರು ಬಂದು ಬೀಳುವಾಗ, ಖರೀದಿದಾರ ಮುಷ್ಟಿ ತುಂಬ ಎತ್ತಿ, ಒಂದು ಕಾಳನ್ನು ಹಲ್ಲಿಗೆ ಹಾಕಿ ‘ಕಟ್’ ಅನ್ನುತ್ತದೋ ಇಲ್ಲವೋ ನೋಡುವಾಗ, ಆ ಕಾಳನ್ನು ಉಣ್ಣುವ ಇನ್ನೊಂದು ಜೀವ ಆಗಲೇ ಅದರೊಳಗೆ ಕೂತಿರಬಹುದು.

ಈ ಜೀವದ ಊಟದ ಲೆಕ್ಕ ನನ್ನನ್ನು ಬಹಳ ಕಾಲದಿಂದ ಕಾಡಿದೆ. ಒಂದು ಹೆಸರುಕಾಳು ಹೆಚ್ಚುಕಡಿಮೆ 35ರಿಂದ 40 ಮಿಲಿಗ್ರಾಂ ತೂಗುತ್ತದೆ. ಈ ದುಂಬಿಯ ಜೀವಮಾನದ ಅನ್ನವೆಲ್ಲ ಅಷ್ಟೇ. ಹೊರಬಂದ ದುಂಬಿಗೆ ಆಹಾರ ಬೇಕೇಬೇಕೆಂದಿಲ್ಲ. ಉಗ್ರಾಣದಲ್ಲಿ ಅದು ಬಹುಮಟ್ಟಿಗೆ ಏನೂ ತಿನ್ನುವುದಿಲ್ಲ. ಮರಿಯಾಗಿದ್ದಾಗ ಕೂಡಿಟ್ಟ ಕೊಬ್ಬಿನ ಮೇಲೆಯೇ ಹಾರುತ್ತದೆ, ಜೋಡಿ ಹುಡುಕುತ್ತದೆ, ಮೊಟ್ಟೆ ಇಡುತ್ತದೆ, ಒಂದೆರಡು ವಾರದಲ್ಲಿ ಸಾಯುತ್ತದೆ. ಮರಿಗೋ ಕಾಲಾಡಿಸಿ ಇನ್ನೊಂದು ಕಾಳಿಗೆ ಹೋಗುವ ದಾರಿಯಿಲ್ಲ. ಯಾವ ಕಾಳಿನ ಮೇಲೆ ತಾಯಿ ಮೊಟ್ಟೆ ಅಂಟಿಸಿದಳೋ ಅದೇ ಅದರ ಮನೆ, ಅದೇ ಅದರ ಅಡುಗೆ. ಹಾಗಾಗಿ ತಾಯಿದುಂಬಿ ಕಾಳಿನ ಮೇಲೆ ಅಡ್ಡಾಡಿ, ಸವರಿ, ಅಲ್ಲಿ ಮೊದಲೇ ಮೊಟ್ಟೆ ಇದೆಯೇ ಎಂದು ನೋಡುತ್ತಾಳೆ. ಇದ್ದರೆ ಸಾಧ್ಯವಾದಷ್ಟು ಬೇರೆ ಕಾಳು ಹುಡುಕುತ್ತಾಳೆ. ಕಾಳುಗಳೆಲ್ಲ ಮುಗಿದು ಒಂದೇ ಕಾಳಿನಲ್ಲಿ ಎರಡು ಮೂರು ಮರಿಗಳು ಬೆಳೆಯಬೇಕಾಗಿ ಬಂದರೆ, ಹೊರಬರುವ ದುಂಬಿಗಳು ಸಣ್ಣವಾಗಿರುತ್ತವೆ, ಅವು ಇಡುವ ಮೊಟ್ಟೆಯೂ ಕಡಿಮೆ. ತಾಯಿ ಕಾಳು ಆರಿಸಲು ಕಳೆದ ಆ ಒಂದು ಗಳಿಗೆ ಮೊಮ್ಮಕ್ಕಳ ಲೆಕ್ಕದವರೆಗೆ ಹೋಗಿ ಮುಟ್ಟುತ್ತದೆ.

ಕೀಟಶಾಸ್ತ್ರಜ್ಞರು ಇದನ್ನು ಬೇರೆ ಬಗೆಯಲ್ಲಿ ಅಳೆಯುತ್ತಾರೆ. ಬೇರೆ ಬೇರೆ ತಳಿಯ ಕಾಳನ್ನು ತೂಗಿ ಡಬ್ಬಿಗೆ ಹಾಕಿ, ಕೆಲವು ಜೋಡಿ ದುಂಬಿ ಬಿಟ್ಟು, ಮೊಟ್ಟೆ ಇಟ್ಟ ಮೇಲೆ ಅವನ್ನು ತೆಗೆದು, ಎಷ್ಟು ಹೊಸ ದುಂಬಿ ಎಷ್ಟು ದಿನಕ್ಕೆ ಹೊರಬಂದವು ಎಂದು ಎಣಿಸುತ್ತಾರೆ. 1974ರಲ್ಲಿ ಡೋಬಿ ಎಂಬ ವಿಜ್ಞಾನಿ ಮೆಕ್ಕೆಜೋಳದ ನುಸಿಗಾಗಿ ಈ ಎರಡನ್ನೂ ಕೂಡಿಸಿ ಒಂದು ಸೂಚ್ಯಂಕ ಮಾಡಿದ. ಇಂದಿಗೂ ಉಗ್ರಾಣದ ಕೀಟಗಳ ಪ್ರಯೋಗಗಳಲ್ಲಿ ಅದು ಬಳಕೆಯಲ್ಲಿದೆ. ಹೆಚ್ಚು ಮರಿ, ಕಡಿಮೆ ದಿನ: ಅದು ಕೀಟಕ್ಕೆ ಒಳ್ಳೆಯ ಆಹಾರ. ಕಡಿಮೆ ಮರಿ, ಹೆಚ್ಚು ದಿನ: ಅದು ನಮಗೆ ಒಳ್ಳೆಯ ತಳಿ. ಅಳತೆ ಒಂದೇ, ಅದನ್ನು ಓದುವವರು ಇಬ್ಬರು. ಈ ಎರಡು ಓದುಗಳ ನಡುವೆ ಏನಿದೆ ಎಂಬುದೇ ನನ್ನ ಪ್ರಶ್ನೆ. ಒಂದು ಕಾಳು ಯಾರಿಗೋ ಅನ್ನವಾಗುವುದು ಕಾಳಿನ ಗುಣದಿಂದಲೋ, ತಿನ್ನುವವನ ಹೊಟ್ಟೆಯಿಂದಲೋ?

ಗಾಟ್‌ಫ್ರೀಡ್ ಫ್ರಾಂಕೆಲ್ ಈ ಪ್ರಶ್ನೆಯ ಹಿಂದೆ ಬಿದ್ದ ಕೀಟಶಾಸ್ತ್ರಜ್ಞರು. ಮ್ಯೂನಿಕ್‌ನಲ್ಲಿ ಹುಟ್ಟಿ, 1933ರಲ್ಲಿ ಜರ್ಮನಿ ಬಿಡಬೇಕಾಗಿ ಬಂದು, ಲಂಡನ್ನಿನಲ್ಲಿ ನೆಲೆ ಕಂಡರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಬ್ಲೂಯೆಟ್ ಎಂಬ ಸಹಸಂಶೋಧಕರ ಜೊತೆ ಸೇರಿ ಹಿಟ್ಟಿನ ಹುಳಗಳಿಗೆ ಬಗೆಬಗೆಯ ಊಟ ಹಾಕಿ ನೋಡಿದರು. ಹಿಟ್ಟಿನ ದುಂಬಿಯ ಮರಿಗಳು ಇಡೀ ಗೋಧಿಯ ಹಿಟ್ಟಿನಲ್ಲಿ ಬೇಗ ಬೆಳೆದವು; ಬಿಳಿ ಮೈದಾದಲ್ಲಿ ಬೆಳವಣಿಗೆ ಕುಂಟಿತು. ಅದೇ ಮೈದಾಕ್ಕೆ ಚಿಟಿಕೆ ಯೀಸ್ಟ್ ಬೆರೆಸಿದರೆ ಮತ್ತೆ ಚುರುಕಾಯಿತು. ಪಿಷ್ಟ, ಪ್ರೋಟೀನು ಎರಡರಲ್ಲೂ ಇದ್ದವು. ಗಿರಣಿ ತೆಗೆದುಹಾಕಿದ ತೌಡು ಮತ್ತು ಮೊಳಕೆಯ ಜೊತೆ ಹೋದದ್ದು ಬಿ ಗುಂಪಿನ ವಿಟಮಿನ್ನುಗಳು. ಇಂದಿಗೂ ಪ್ರಯೋಗಾಲಯಗಳಲ್ಲಿ ಈ ದುಂಬಿಯನ್ನು ಸಾಕುವ ರೂಢಿಯ ಅಡುಗೆ 95 ಭಾಗ ಗೋಧಿಹಿಟ್ಟು, 5 ಭಾಗ ಯೀಸ್ಟ್. 1948ರ ಹೊತ್ತಿಗೆ ಇನ್ನೊಂದು ಹಿಟ್ಟುಹುಳದ ಬೆಳವಣಿಗೆಗೆ ಯಾವುದೋ ಗೊತ್ತಿಲ್ಲದ ವಸ್ತು ಬೇಕೆಂದು ಕಂಡು, ಫ್ರಾಂಕೆಲ್ ಅದನ್ನು ‘ವಿಟಮಿನ್ ಬಿಟಿ’ ಎಂದು ಕರೆದರು. 1952ರಲ್ಲಿ ಅದು ಕಾರ್ನಿಟಿನ್ ಎಂದು ತಿಳಿಯಿತು. 1905ರಲ್ಲೇ ಮಾಂಸದ ಸಾರದಲ್ಲಿ ಸಿಕ್ಕು, ಅದರ ಕೆಲಸವೇನೆಂದು ತಿಳಿಯದೆ ಬಿದ್ದಿದ್ದ ವಸ್ತು ಅದು. ಕೊಬ್ಬನ್ನು ಜೀವಕೋಶದೊಳಗೆ ಉರಿಯುವ ಜಾಗಕ್ಕೆ ಸಾಗಿಸುವುದು ಅದರ ಕೆಲಸ. ನಮ್ಮ ದೇಹ ತನ್ನಷ್ಟಕ್ಕೆ ತಾನೇ ಮಾಡಿಕೊಳ್ಳುತ್ತದೆ, ಆ ಹುಳಕ್ಕೆ ಆಗುವುದಿಲ್ಲ. ನಮ್ಮೊಳಗಿನ ಒಂದು ಕೆಲಸದ ಗುಟ್ಟು ಹಿಟ್ಟಿನ ಹುಳದ ಹಸಿವಿನಿಂದ ಬಯಲಾಯಿತು ಎಂಬುದನ್ನು ನೆನೆದಾಗಲೆಲ್ಲ ಆ ಹುಳದ ಬಗ್ಗೆ ನನಗೆ ಗೌರವ ಹುಟ್ಟುತ್ತದೆ.

ಅದೇ ಫ್ರಾಂಕೆಲ್ 1959ರಲ್ಲಿ ಇನ್ನೂ ದೊಡ್ಡ ಮಾತು ಆಡಿದರು. ಪೋಷಕಾಂಶಗಳ ಲೆಕ್ಕದಲ್ಲಿ ಸಸ್ಯಗಳಲ್ಲಿ ಅಂಥ ಅಂತರವಿಲ್ಲ. ಯಾವ ಕೀಟ ಏನನ್ನು ತಿನ್ನುತ್ತದೆ, ಏನನ್ನು ಬಿಡುತ್ತದೆ ಎಂಬುದನ್ನು ತೀರ್ಮಾನಿಸುವುದು ಸಸ್ಯ ತನ್ನ ರಕ್ಷಣೆಗೆ ಮಾಡಿಕೊಂಡ ಕಹಿ, ಒಗರು, ವಿಷದ ವಸ್ತುಗಳು ಎಂದರು. ಅಲ್ಲಿಯವರೆಗೆ ಅವನ್ನು ಸಸ್ಯದ ಕಸವೆಂದೇ ಬಹಳ ಜನ ತಿಳಿದಿದ್ದರು. ಎಲ್ಲ ಕಾಳಿನಲ್ಲೂ ಅನ್ನವಿದೆ, ಆದರೆ ಎಲ್ಲ ಕಾಳೂ ಅದಕ್ಕೆ ಬೀಗ ಹಾಕಿಕೊಂಡಿದೆ. ತಿನ್ನುವವನು ಆ ಬೀಗ ತೆಗೆಯಬಲ್ಲನೇ ಎಂಬುದಷ್ಟೇ ಪ್ರಶ್ನೆ.

ಬೇಳೆಕಾಳುಗಳ ಬೀಗ ನಮಗೂ ಪರಿಚಯದ್ದೇ. ಹಸಿ ಕಾಳು ತಿಂದರೆ ಹೊಟ್ಟೆ ಕೆಡುತ್ತದೆ. ಪ್ರೋಟೀನನ್ನು ಒಡೆಯುವ ನಮ್ಮ ಟ್ರಿಪ್ಸಿನ್ ಎಂಬ ಕಿಣ್ವದ ಕೈ ಕಟ್ಟುವ ವಸ್ತುಗಳು ಅದರಲ್ಲಿವೆ. ಬಿತ್ತಿದ ಕಾಳು ಮೊಳೆಯಬೇಕು, ಯಾರ ಹೊಟ್ಟೆಯಲ್ಲೂ ಕರಗಬಾರದು ಎಂದು ಗಿಡ ತನ್ನ ಮರಿಗೆ ಕಟ್ಟಿಕೊಟ್ಟ ರಕ್ಷೆ ಅದು. ಮನುಷ್ಯ ಇದಕ್ಕೆ ಕಂಡುಕೊಂಡ ಉತ್ತರ ಬೆಂಕಿ. ಒಲೆಯ ಮೇಲೆ ಕುದಿದಾಗ ಆ ರಕ್ಷೆ ಬಹುಮಟ್ಟಿಗೆ ಮುರಿಯುತ್ತದೆ. ಹೆಸರಿನ ನುಸಿಗೆ ಒಲೆಯಿಲ್ಲ. ಅದರ ಕರುಳು ನಮ್ಮ ಸಣ್ಣ ಕರುಳಿಗಿಂತ ಹುಳಿ; ಅಲ್ಲಿ ಟ್ರಿಪ್ಸಿನ್ ಮುಖ್ಯ ಕೆಲಸಗಾರನೇ ಅಲ್ಲ. ಬೇರೆಯದೇ ಗುಂಪಿನ, ಸಿಸ್ಟೀನ್ ಪ್ರೋಟಿಯೇಸ್ ಎಂಬ ಕಿಣ್ವಗಳು ಅಲ್ಲಿ ಕೆಲಸ ಮಾಡುತ್ತವೆ. ಗಿಡ ಕಟ್ಟಿದ್ದು ಟ್ರಿಪ್ಸಿನ್ನಿನ ಕೈ, ನುಸಿ ಟ್ರಿಪ್ಸಿನ್ನನ್ನೇ ನೆಚ್ಚಿಕೊಂಡಿಲ್ಲ. ಈ ಎರಡನೆಯ ಗುಂಪಿನ ಕೈ ಕಟ್ಟುವ ವಸ್ತುವನ್ನು ಸೋಯಾದಿಂದ ತೆಗೆದು ಮರಿಗಳ ಆಹಾರಕ್ಕೆ ಬೆರೆಸಿದರೂ, ಮೊದಲು ಬೆಳವಣಿಗೆ ತಡವಾಗಿ, ಆಮೇಲೆ ಆ ತಡೆಗೆ ಬಗ್ಗದ ಕಿಣ್ವಗಳನ್ನು ಹೆಚ್ಚಿಸಿಕೊಂಡು ಮರಿಗಳು ಚೇತರಿಸಿಕೊಳ್ಳುತ್ತವೆ. ನಾವು ಕಾಳನ್ನು ಬದಲಿಸಿ ತಿಂದೆವು. ನುಸಿ ತನ್ನ ಹೊಟ್ಟೆಯನ್ನು ಬದಲಿಸಿಕೊಂಡು ತಿಂದಿತು. ಜೀರ್ಣವೆಂಬುದು ಹೊಟ್ಟೆಯೊಳಗೆ ತಾನಾಗಿ ನಡೆಯುವ ಕೆಲಸ ಎಂದು ನಾವು ಭಾವಿಸಿರುತ್ತೇವೆ. ಅದರ ಹಿಂದೆ ಬೀಜ ಮತ್ತು ಬಾಯಿಗಳ ನಡುವೆ ಲಕ್ಷಾಂತರ ವರ್ಷ ನಡೆದ ವಾದವಿದೆ.

ಜೋಳದ ನುಸಿಯ ಕಥೆ ಇನ್ನೂ ಆಳ. ಉದ್ದ ಮೂತಿಯ ಈ ಕಂದು ಹುಳ ಕಾಳಿನಲ್ಲಿ ಗುಳಿ ಕೊರೆದು, ಒಂದು ಮೊಟ್ಟೆ ಇಟ್ಟು, ಅಂಟಿನಿಂದ ಬಾಯಿ ಮುಚ್ಚುತ್ತದೆ. ಹೊರಗಿನಿಂದ ಕಾಳು ಇಡಿಯಾಗಿಯೇ ಕಾಣುತ್ತದೆ. ಮರಿಗೆ ಕಾಲಿಲ್ಲ, ಒಳಗೇ ತಿಂದು, ಒಳಗೇ ಪೊರೆ ಬಿಟ್ಟು, ಬೆಚ್ಚಗಿನ ದಿನಗಳಲ್ಲಿ ತಿಂಗಳೊಪ್ಪತ್ತಿನಲ್ಲಿ ಹುಳವಾಗುತ್ತದೆ. ತೊಂದರೆಯೆಂದರೆ ಜೋಳ, ಅಕ್ಕಿ, ಗೋಧಿಯಂಥ ಕಾಳಿನ ಒಡಲಲ್ಲಿ ಪಿಷ್ಟವೇ ರಾಶಿ. ಗಟ್ಟಿ ಮೈಗವಚ ಕಟ್ಟಲು ಬೇಕಾದ ಕೆಲವು ಅಮೈನೊ ಆಮ್ಲಗಳು, ವಿಟಮಿನ್ನುಗಳು ಅಲ್ಲಿ ಸಾಲವು. ಆ ಕೊರತೆಯನ್ನು ತುಂಬುವುದು ನುಸಿಯ ಜೀವಕೋಶಗಳೊಳಗೆ ವಾಸಿಸುವ ಸೊಡಾಲಿಸ್ ಪಿಯೆರಾಂಟೋನಿಯಸ್ ಎಂಬ ಬ್ಯಾಕ್ಟೀರಿಯ. ತಾಯಿಯಿಂದ ಮೊಟ್ಟೆಯ ಮೂಲಕವೇ ಅದು ಮಗುವಿಗೆ ಬರುತ್ತದೆ. ಫ್ರಾನ್ಸಿನ ಲಿಯಾನ್‌ನ ವಿಜ್ಞಾನಿಗಳು 2014ರಲ್ಲಿ ಪ್ರಕಟಿಸಿದ ಸಂಶೋಧನೆ ಇದರ ಮುಂದಿನ ಅಧ್ಯಾಯ ತೋರಿಸಿತು. ಪೊರೆ ಬಿಟ್ಟ ಎಳೆಯ ಹುಳ ಇನ್ನೂ ಕಾಳಿನೊಳಗೇ ಇದ್ದು ಮೈಗವಚ ಗಟ್ಟಿ ಮಾಡಿಕೊಳ್ಳುವ ದಿನಗಳಲ್ಲಿ ಅದರ ಕರುಳಿನ ಬಳಿಯ ಬ್ಯಾಕ್ಟೀರಿಯಗಳು ವಿಪರೀತ ಹೆಚ್ಚುತ್ತವೆ. ಕವಚಕ್ಕೆ ಬೇಕಾದ ಟೈರೋಸಿನ್, ಫೆನೈಲಲನಿನ್ ಒದಗುವುದು ಅವುಗಳಿಂದ. ಕವಚ ಕಟ್ಟಿ ಮುಗಿಯಿತೋ, ಹುಳ ತನ್ನ ಕರುಳಿನ ಆ ಜೀವಕೋಶಗಳನ್ನೇ ಕರಗಿಸಿ, ಅದರೊಂದಿಗೆ ಆ ಬ್ಯಾಕ್ಟೀರಿಯಗಳನ್ನೂ ಅರಗಿಸಿಕೊಳ್ಳುತ್ತದೆ. ಹೆಣ್ಣುಹುಳದ ಅಂಡಾಶಯದಲ್ಲಿ ಮಾತ್ರ ಅವನ್ನು ಉಳಿಸಿಕೊಳ್ಳುತ್ತದೆ, ಮುಂದಿನ ಪೀಳಿಗೆಗೆ.

ಇದನ್ನು ಓದಿದ ಮೇಲೆ ಜೋಳವನ್ನು ತಿನ್ನುತ್ತಿರುವುದು ನುಸಿ ಎಂದು ಹೇಳುವುದು ನನಗೆ ಕಷ್ಟವಾಗಿದೆ. ತಿನ್ನುತ್ತಿರುವುದು ಒಂದು ಕೂಡುಕುಟುಂಬ. ಅದರಲ್ಲಿ ಯಾರ ಋಣ ಯಾರ ಮೇಲೆ, ಯಾರು ಯಾರನ್ನು ಸಾಕಿದರು, ಕೊನೆಗೆ ಯಾರು ಯಾರಿಗೆ ಊಟವಾದರು ಎಂಬುದನ್ನು ಬಿಡಿಸಿ ಹೇಳುವ ಗೆರೆ ಸಿಗುವುದಿಲ್ಲ. ನಮ್ಮ ಕರುಳಿನಲ್ಲೂ ಇಂಥದೇ ಸಂಸಾರವಿದೆ. ‘ನಾನು ಉಂಡೆ’ ಎಂಬ ಮಾತಿನಲ್ಲಿ ಆ ‘ನಾನು’ ಎಷ್ಟು ಮಂದಿ?

ಈಗ ನಮ್ಮ ಕಡೆಗೆ ಬರೋಣ. ಸಾವಿರಾರು ವರ್ಷ ರೈತರು ಮಾಡಿದ್ದು ಬೀಜದ ಬೀಗಗಳನ್ನು ಒಂದೊಂದಾಗಿ ಸಡಿಲಿಸುವ ಕೆಲಸ. ಆಫ್ರಿಕಾದ ಕಾಡುಜೋಳದ ಕಾಳು ಹೊಟ್ಟಿನೊಳಗೆ ಮುಚ್ಚಿಕೊಂಡಿರುತ್ತದೆ. ನಮ್ಮ ಜೋಳದ ಕಾಳು ತೆನೆಯಲ್ಲಿ ಬಾಯಿ ತೆರೆದು ಕೂತಿರುತ್ತದೆ. ಒಗರಿನ ಕೆಂಪು ಕಾಳು ಬಿಟ್ಟು ಸಿಹಿ ಬಿಳಿ ಕಾಳು ಆರಿಸಿಕೊಂಡೆವು. ರೊಟ್ಟಿಗೆ ಹಿತವಾದದ್ದು, ಹಲ್ಲಿಗೆ ಹಗುರಾದದ್ದು, ಹೊಟ್ಟೆಗೆ ಒಗ್ಗುವುದು. ಪ್ರತಿ ಆಯ್ಕೆಯಲ್ಲೂ ನಮಗಾಗಿ ತೆರೆದ ಬಾಗಿಲಿನಿಂದ ನುಸಿಯೂ ಒಳಗೆ ಬಂದಿತು. ಅದನ್ನು ಕಳ್ಳನೆಂದು ಕರೆಯುವ ಮೊದಲು ಈ ಮಾತು ಒಪ್ಪಿಕೊಳ್ಳಬೇಕು: ನುಸಿಯ ಹೊಟ್ಟೆಗೂ ನಮ್ಮ ಹೊಟ್ಟೆಗೂ ಒಂದೇ ಕಾಳು ಹಿತವಾಗುವಂತೆ ಮಾಡಿದವರು ನಾವೇ. (ಜೋಳದ ಪ್ರೋಟೀನು ಬೇಯಿಸಿದ ಮೇಲೆ ಇನ್ನಷ್ಟು ಬಿಗಿಯಾಗಿ ನಮಗೆ ಅರಗುವುದು ಕಡಿಮೆಯಾಗುತ್ತದೆ, ಹಸಿಯಾಗಿ ತಿನ್ನುವ ನುಸಿಗೆ ಆ ತೊಡಕಿಲ್ಲ.)

ಧಾರವಾಡ ಸೀಮೆಯ ಹಿಂಗಾರಿ ಬಿಳಿಜೋಳ, ಮಾಲದಂಡಿಯಂಥದ್ದು, ಮುತ್ತಿನ ಹೊಳಪಿನ ಗಟ್ಟಿ ಕಾಳು. ಗಟ್ಟಿತನ ನುಸಿಗೆ ಪೂರ್ತಿ ತಡೆಯಲ್ಲ, ಆದರೆ ಮೊಟ್ಟೆಯಿಡಲು ಕೊರೆಯುವ ಮೂತಿಗೂ ಮರಿಯ ದವಡೆಗೂ ಅದು ದುಡಿಮೆ ಹೆಚ್ಚಿಸುತ್ತದೆ. ಒಳಗೆ ಹಿಟ್ಟುಹಿಟ್ಟಾದ ಮೆತ್ತನೆಯ ಕಾಳಿನಲ್ಲಿ ಆ ದುಡಿಮೆಯಿಲ್ಲ. 1964ರಲ್ಲಿ ದೇಶದ ಮೊದಲ ಹೈಬ್ರಿಡ್ ಜೋಳ ಸಿಎಸ್‌ಎಚ್-1 ಬಂದು ಇಳುವರಿ ಏರಿಸಿತು. ಮುಂಗಾರಿನ ಹೈಬ್ರಿಡ್ ಜೋಳವನ್ನು ಈ ಭಾಗದ ಅವ್ವಂದಿರು ರೊಟ್ಟಿಗೆ ಮನಸಾರೆ ಒಪ್ಪಿಕೊಳ್ಳಲೇ ಇಲ್ಲ. ಅವರ ಬೆರಳು ಹಿಟ್ಟಿನ ಜಿಗಿ ನೋಡುತ್ತಿತ್ತು, ಮೂಗು ಮಳೆಗೆ ಸಿಕ್ಕ ಕಾಳಿನ ಬೂಷ್ಟು ಗುರುತಿಸುತ್ತಿತ್ತು, ಕಣ್ಣು ನುಸಿಯನ್ನು ಹುಡುಕುತ್ತಿತ್ತು. ಅದೇ 1964ರಲ್ಲಿ ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಓಪೇಕ್-2 ಎಂಬ ಮೆಕ್ಕೆಜೋಳದಲ್ಲಿ ಲೈಸೀನ್ ಹೆಚ್ಚಿದೆ ಎಂದು ಗೊತ್ತಾಯಿತು. ಬಡವರ ಮಕ್ಕಳ ಪ್ರೋಟೀನಿನ ಕೊರತೆ ನೀಗುವ ಕಾಳು ಸಿಕ್ಕಿತೆಂಬ ಆಸೆ ಹುಟ್ಟಿತು. ಆದರೆ ಆ ಕಾಳು ಮೆತ್ತಗೆ. ನುಸಿಗೂ ಅದು ಹಬ್ಬದೂಟ. ಸುರೀಂದರ್ ವಾಸಲ್ ಮತ್ತು ಇವಾಂಜೆಲಿನಾ ವಿಲ್ಯೆಗಾಸ್ ಎಂಬ ವಿಜ್ಞಾನಿಗಳು ಮೆಕ್ಸಿಕೊದಲ್ಲಿ ವರ್ಷಗಟ್ಟಲೆ ದುಡಿದು, ಲೈಸೀನ್ ಉಳಿಸಿಕೊಂಡೇ ಕಾಳನ್ನು ಮತ್ತೆ ಗಟ್ಟಿ ಮಾಡಿದರು. 2000ದಲ್ಲಿ ಅವರಿಗೆ ವಿಶ್ವ ಆಹಾರ ಪ್ರಶಸ್ತಿ ಬಂದಿತು. ಇಬ್ಬರು ಉಣ್ಣುವವರ ನಡುವೆ ಒಬ್ಬರಿಗೆ ಮಾತ್ರ ಹಿತವಾಗುವಂತೆ ಅಡುಗೆ ಮಾಡುವ ಕಷ್ಟ ಅದು.

ಆ ಕಷ್ಟ ಎಲ್ಲಿಗೆ ಒಯ್ಯಬಹುದೆಂಬುದಕ್ಕೆ ಆಸ್ಟ್ರೇಲಿಯಾದ ಬಟಾಣಿಯ ಕಥೆಯಿದೆ. ನಾವು ರಾಜ್ಮಾ ಎನ್ನುವ ಜಾತಿಯ ಕಾಳಿಗೆ ನಮ್ಮ ಹೆಸರಿನ ನುಸಿ ಹತ್ತುವುದಿಲ್ಲ. ಪಿಷ್ಟ ಒಡೆಯುವ ಅಮೈಲೇಸ್ ಕಿಣ್ವವನ್ನು ತಡೆಯುವ ಪ್ರೋಟೀನು ಅದರಲ್ಲಿದೆ. ಮರಿ ಅನ್ನದ ನಡುವೆಯೇ ಉಪವಾಸ ಸಾಯುತ್ತದೆ. ಆ ಪ್ರೋಟೀನಿನ ವಂಶವಾಹಿಯನ್ನು ಆಸ್ಟ್ರೇಲಿಯಾದ ವಿಜ್ಞಾನಿಗಳು ಬಟಾಣಿಗೆ ಸೇರಿಸಿದರು. ಬಟಾಣಿಯ ನುಸಿ ಸತ್ತಿತು. 2005ರಲ್ಲಿ ಆ ಬಟಾಣಿ ತಿಂದ ಇಲಿಗಳ ರೋಗನಿರೋಧಕ ವ್ಯವಸ್ಥೆ ಕೆರಳಿತೆಂದು ವರದಿಯಾಗಿ, ಹತ್ತು ವರ್ಷದ ಆ ಯೋಜನೆಯನ್ನು ಕೈಬಿಟ್ಟರು. ಮುಂದೆ 2013ರ ಇನ್ನೊಂದು ಅಧ್ಯಯನ ಸಾದಾ ಬೀನ್ಸ್‌ನ ಪ್ರೋಟೀನಿಗೂ ಇಲಿಗಳು ಹಾಗೆಯೇ ಸ್ಪಂದಿಸುತ್ತವೆಂದು ತೋರಿಸಿತು. ವಾದ ಏನೇ ಇರಲಿ, ನನ್ನ ಮನಸ್ಸಿಗೆ ನಾಟಿದ್ದು ಬೇರೆ. ಬೇರೆ ಯಾರ ಹೊಟ್ಟೆಯಲ್ಲೂ ಅರಗದ, ನಮ್ಮ ಹೊಟ್ಟೆಯಲ್ಲಿ ಮಾತ್ರ ಅರಗುವ ಕಾಳು ಬೇಕೆಂಬ ಬಯಕೆ ಸರಳವಾದದ್ದಲ್ಲ. ಜೀವಿಗಳ ಹೊಟ್ಟೆಗಳು ಒಂದಕ್ಕೊಂದು ಅಷ್ಟು ದೂರದ ನೆಂಟರಲ್ಲ.

ಈ ಭಾಗದ ಹಿರಿಯರು ಹಿಡಿದ ದಾರಿ ಇನ್ನೊಂದು. ಕಾಳನ್ನು ತಿನ್ನಬಾರದ್ದನ್ನಾಗಿ ಮಾಡಲು ಅವರು ಹೋಗಲಿಲ್ಲ. ಕಾಳಿನ ಸುತ್ತಲಿನದನ್ನು ಬದಲಿಸಿದರು. ತೊಗರಿ, ಹೆಸರಿಗೆ ಔಡಲೆಣ್ಣೆ ಸವರಿದರು. ಎಣ್ಣೆಯ ಪೊರೆಯಲ್ಲಿ ಮೊಟ್ಟೆಗೆ ಉಸಿರಿಲ್ಲ. ಕುಳ್ಳಿನ ಬೂದಿ ಬೆರೆಸಿದರು. ಬೇಳೆ ಒಡೆಸಿ ಇಟ್ಟರು. ಸಿಪ್ಪೆ ಹೋಗಿ ಎರಡಾದ ಬೇಳೆಯಲ್ಲಿ ಈ ದುಂಬಿಯ ಸಂಸಾರ ನಡೆಯುವುದಿಲ್ಲ. ಹುಗ್ಗಿ, ಮಾದ್ಲಿ, ಶಾವಿಗೆಗೆ ಬೇಕಾದ ಸದಕ ಗೋಧಿಯನ್ನು (ಖಪಲಿ ಎಂದೂ ಅನ್ನುತ್ತಾರೆ) ಹೊಟ್ಟಿನ ಸಮೇತವೇ ಕೂಡಿಟ್ಟು, ಬೇಕಾದಾಗ ಬೇಕಾದಷ್ಟು ಕುಟ್ಟಿಸಿಕೊಂಡರು. ಧಾರವಾಡದ ಕೃಷಿ ವಿಶ್ವವಿದ್ಯಾಲಯ ಡಿಡಿಕೆ 1025, ಡಿಡಿಕೆ 1029ರಂಥ ತಳಿಗಳನ್ನು ಕೊಟ್ಟು ಈ ಹೊಟ್ಟಿನ ಗೋಧಿಯನ್ನು ಉಳಿಸಿದೆ. ನನ್ನ ಎಣಿಕೆಯಲ್ಲಿ ಅದು ಅದರ ದೊಡ್ಡ ಕೆಲಸಗಳಲ್ಲೊಂದು.

ಎಲ್ಲಕ್ಕಿಂತ ಸೋಜಿಗದ್ದು ಹಗೇವು. ಎರೆನಾಡಿನ ಊರುಗಳಲ್ಲಿ ನೆಲದಾಳಕ್ಕೆ ತೋಡಿದ ಗುಂಡಿಗೆ ಒಳಮೈಗೆಲ್ಲ ಕಣಕಿ, ರವದಿ ಹಾಸಿ, ಚೀಲಗಟ್ಟಲೆ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ವರ್ಷಗಟ್ಟಲೆ ಜೋಳ ಕೆಡದೆ ಉಳಿಯುತ್ತಿತ್ತು. ತೆರೆದ ಕೂಡಲೇ ಯಾರೂ ಇಳಿಯುತ್ತಿರಲಿಲ್ಲ. ಗಾಳಿಯಾಡಲು ಬಿಟ್ಟು, ದೀಪ ಇಳಿಬಿಟ್ಟು ಅದು ಉರಿಯುತ್ತದೆಯೇ ನೋಡಿ ಇಳಿಯುತ್ತಿದ್ದರು. ಒಳಗಿನ ಪ್ರಾಣವಾಯುವನ್ನು ಕಾಳೂ ಹುಳವೂ ಉಸಿರಾಡಿ ಮುಗಿಸಿರುತ್ತಿದ್ದವು.

ಹುಳ ಉಸಿರುಕಟ್ಟಿ ಸಾಯುತ್ತದೆ ಎಂದೇ ನಾವೆಲ್ಲ ತಿಳಿದಿದ್ದೆವು. ಪರ್ಡ್ಯೂ ವಿಶ್ವವಿದ್ಯಾಲಯದ ಲ್ಯಾರಿ ಮರ್ಡಾಕ್ ಮತ್ತು ಸಂಗಡಿಗರು 2012ರಲ್ಲಿ ಅಲಸಂದಿಯ ನುಸಿಯ ಮೇಲೆ ಮಾಡಿದ ಅಧ್ಯಯನ ಇನ್ನೊಂದು ಕಾರಣ ಹೇಳಿತು: ಅದು ಬಾಯಾರಿ ಸಾಯುತ್ತದೆ. ಒಣಗಿದ ಕಾಳಿನಲ್ಲಿ ನೂರಕ್ಕೆ ಹತ್ತು ಹನ್ನೆರಡು ಪಾಲು ನೀರಿದ್ದರೆ ಹೆಚ್ಚು. ಅದರೊಳಗೆ ಹುಟ್ಟಿ ಬೆಳೆಯುವ ಮರಿ ಒಂದು ಹನಿಯನ್ನೂ ಕುಡಿಯುವುದಿಲ್ಲ. ತಿಂದ ಪಿಷ್ಟವನ್ನು ಪ್ರಾಣವಾಯುವಿನೊಂದಿಗೆ ಉರಿಸಿದಾಗ ಹುಟ್ಟುವ ನೀರೇ ಅದರ ಬಾವಿ. 100 ಗ್ರಾಂ ಪಿಷ್ಟ ಪೂರ್ತಿ ಉರಿದರೆ ಸುಮಾರು 55 ಗ್ರಾಂ ನೀರಾಗುತ್ತದೆ. ಗಾಳಿ ತಪ್ಪಿದರೆ ಆ ಉರಿ ನಿಲ್ಲುತ್ತದೆ, ಬಾವಿ ಬತ್ತುತ್ತದೆ, ಮರಿ ತಿನ್ನುವುದನ್ನು ಬಿಡುತ್ತದೆ. ಸುತ್ತ ಅನ್ನವಿದ್ದೂ ನೀರಿಲ್ಲದೆ ಒಣಗುತ್ತದೆ. ಕುಳ್ಳಿನ ಬೂದಿಯೂ ಇದೇ ಕೆಲಸವನ್ನು ಬೇರೆ ಕಡೆಯಿಂದ ಮಾಡುತ್ತದೆ: ಹುಳದ ಮೈಮೇಲಿನ ಮೇಣದ ಪೊರೆ ಉಜ್ಜಿಹೋಗಿ ನೀರು ಆರುತ್ತದೆ. ಮರ್ಡಾಕರ ತಂಡ ಪಶ್ಚಿಮ ಆಫ್ರಿಕಾದ ರೈತರಿಗೆ ಕೊಟ್ಟ ಮೂರು ಪದರದ ಗಾಳಿಯಾಡದ ಚೀಲದೊಳಗೆ ನಡೆಯುವುದೂ ನಮ್ಮ ಹಗೇವಿನೊಳಗೆ ನಡೆದದ್ದೂ ಒಂದೇ. ಒಣಕಾಳಿನಿಂದ ನೀರು ಹಿಂಡಿಕೊಳ್ಳುವ ಈ ಬದುಕನ್ನು ತಿಳಿದಾಗ ಹಸಿವು, ಬಾಯಾರಿಕೆ, ಉಸಿರು ಮೂರೂ ಒಂದೇ ಕ್ರಿಯೆಯ ಮೂರು ಮುಖಗಳಾಗಿ ನನಗೆ ಕಂಡವು.

ಎಳ್ಳಮಾವಾಸ್ಯೆಯ ದಿನ ಸಜ್ಜೆರೊಟ್ಟಿ, ಪುಂಡಿಪಲ್ಯ, ಎಣ್ಣೆಗಾಯಿ ಹೊತ್ತುಕೊಂಡು ಹೊಲಕ್ಕೆ ಹೋಗಿ, ತೆನೆ ಹಿರಿಯುತ್ತಿರುವ ಜೋಳದ ಸಾಲುಗಳಲ್ಲಿ ಚರಗ ಚೆಲ್ಲುತ್ತೇವೆ. ಭೂಮಿತಾಯಿಗೆ ಪಾಲು, ಹಕ್ಕಿಗೆ ಪಾಲು, ಹುಳಹುಪ್ಪಡಿಗೂ ಪಾಲು. ಅದೇ ಜೋಳ ಕಣ ದಾಟಿ ಮನೆಗೆ ಬಂದ ಮೇಲೆ ಪಾಲಿನ ಮಾತು ನಿಲ್ಲುತ್ತದೆ. ಇದು ತಪ್ಪೆಂದು ನಾನು ಹೇಳಲಾರೆ. ವರ್ಷದ ಕೂಳು ಕಾಪಾಡಿಕೊಳ್ಳದವರು ಮಕ್ಕಳನ್ನು ಹೇಗೆ ಸಾಕಿಯಾರು? ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದ ಜೋಳದಿಂದ ನುಸಿ ಸಾಲುಗಟ್ಟಿ ನೆರಳಿನ ಕಡೆ ಹರಿದು ಹೋಗುವಾಗ ಅದನ್ನು ಹೋಗಲು ಬಿಡುವ ಮುದುಕಿಯರನ್ನು ಕಂಡಿದ್ದೇನೆ. ಕಾಳು ಉಳಿಯಿತಲ್ಲ, ಅಷ್ಟು ಅವರಿಗೆ ಸಾಕು.

ಈಗ ಬಿಸಿಲಿಗೆ ಹರವುವ ಪುರಸೊತ್ತು ಯಾರಿಗಿದೆ? ದೊಡ್ಡ ಗೋದಾಮುಗಳಲ್ಲಿ ಫಾಸ್ಫೀನ್ ಹೊಗೆ ಹಾಕುತ್ತಾರೆ; ಅದಕ್ಕೂ ಬಗ್ಗದ ಹಿಟ್ಟಿನ ದುಂಬಿ, ಕಾಳು ಕೊರಕಗಳು ನಮ್ಮ ದೇಶದಲ್ಲೂ ಹೊರಗೂ ಹುಟ್ಟಿಕೊಂಡಿವೆ. ಹುಬ್ಬಳ್ಳಿಯ ಕಾಳಿನ ಅಂಗಡಿಯೊಂದರಲ್ಲಿ ಕೇಳಿದ ಮಾತು ನೆನಪಾಗುತ್ತದೆ. ‘ನುಸಿ ಹತ್ತಿಲ್ಲಲ್ರೀ?’ ಎಂದು ಕೇಳಿದ ಹೆಂಗಸಿಗೆ ಅಂಗಡಿಯವ, ‘ಇಲ್ರೀ ಅಕ್ಕಾರ, ಔಷಧ ಹೊಡದೇವಿ, ಹತ್ರ ಸುಳಿಯಂಗಿಲ್ಲ’ ಎಂದ. ಆಕೆ ಕಾಳನ್ನು ಚೀಲಕ್ಕೆ ಮರಳಿ ಸುರಿದು, ‘ಅದಕ್ಕ ಆಗದ್ದು ನಮಗರೆ ಹೆಂಗ ಆಕ್ಕೇತ್ರಿ?’ ಎಂದಳು.

ಆಕೆ ಕೇಳಿದ್ದನ್ನೇ ಗಂಭೀರವಾಗಿ ಕೇಳುವ ಜಾಗ ಒಂದಿದೆ. ರವೆ, ಅಕ್ಕಿಯಲ್ಲಿ ಬಲೆ ನೇಯುವ ಅಕ್ಕಿಪತಂಗವನ್ನು ಜೈವಿಕ ನಿಯಂತ್ರಣದ ಪ್ರಯೋಗಾಲಯಗಳಲ್ಲಿ ಬೇಕೆಂದೇ ಸಾಕುತ್ತಾರೆ. ಟ್ರೈಕೋಗ್ರಾಮ ಎಂಬ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ಕಣಜ ಅದರ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಡುತ್ತದೆ. ಆ ಮೊಟ್ಟೆಗಳನ್ನು ರಟ್ಟಿಗೆ ಅಂಟಿಸಿ ಕಬ್ಬಿನ ಎಲೆಗೆ ಸಿಕ್ಕಿಸಿದರೆ, ಹೊರಬಂದ ಕಣಜ ಕಬ್ಬಿನ ಕಾಂಡಕೊರಕದ ಮೊಟ್ಟೆಗಳನ್ನು ಮುಗಿಸುತ್ತದೆ. ಇದಕ್ಕಾಗಿ ಪತಂಗದ ಮರಿಗಳಿಗೆ ಜೋಳ ಅಥವಾ ಸಜ್ಜೆಯನ್ನು ನುಚ್ಚು ಮಾಡಿ, ಬಿಸಿ ಮಾಡಿ ಬೇರೆ ಹುಳಗಳನ್ನು ಕೊಂದು, ಆರಿಸಿ, ಶೇಂಗಾದ ಪುಡಿ ಬೆರೆಸಿ, ಯೀಸ್ಟ್ ಉದುರಿಸಿ ಬಡಿಸುತ್ತಾರೆ. ಬರೀ ನುಚ್ಚು ತಿಂದು ಬೆಳೆದ ಪತಂಗಕ್ಕಿಂತ ಶೇಂಗಾ, ಯೀಸ್ಟ್ ತಿಂದದ್ದು ದಪ್ಪವಾಗಿ ಹೆಚ್ಚು ಮೊಟ್ಟೆ ಇಡುತ್ತದೆ. ಹೊರಬಂದ ಪತಂಗಗಳಿಗೆ ಜೇನುತುಪ್ಪದ ನೀರನ್ನೂ ಇಡುತ್ತಾರೆ. ಮನೆಯಲ್ಲಿ ಯಾವ ಹುಳ ಕಂಡರೆ ಡಬ್ಬಿ ಬಿಸಾಡುತ್ತೇವೋ ಅದೇ ಹುಳಕ್ಕೆ ಇಲ್ಲಿ ಬಾಣಂತಿಯ ಆರೈಕೆ. ಇಲ್ಲಿಗೆ ಜೋಳ ಕೊಳ್ಳುವವರು ಮೊದಲು ವಿಚಾರಿಸುವುದು ಕಾಳಿಗೆ ಔಷಧ ತಾಗಿದೆಯೇ ಎಂಬುದನ್ನು. ತಾಗಿದ ಕಾಳಿನಲ್ಲಿ ಪತಂಗದ ಮರಿ ಬದುಕುವುದಿಲ್ಲ, ಹಾಗಾಗಿ ಅಂಥ ಚೀಲವನ್ನು ಅವರು ಒಳಗೆ ತೆಗೆದುಕೊಳ್ಳುವುದಿಲ್ಲ.